ಸುರಪುರದ ಬೆಟ್ಟದಿಂದ ಕಂಡ ಅಮೆರಿಕ

2025ರ ಆಗಸ್ಟ್ 27ರಂದು, ಗಣೇಶ ಚತುರ್ಥಿಯ ದಿನವೇ, ಭಾರತದಿಂದ ಹೋಗುವ ಬಹುತೇಕ ಸರಕುಗಳ ಮೇಲೆ ಅಮೆರಿಕವು ವಿಧಿಸಿದ ಸುಂಕ ನೂರಕ್ಕೆ ಐವತ್ತಕ್ಕೆ ಏರಿತು. ಅದಕ್ಕೆ ಎಂಟು ದಿನ ಮೊದಲು, ಹೊರದೇಶದ ಹತ್ತಿಯ ಮೇಲಿದ್ದ ನೂರಕ್ಕೆ ಹನ್ನೊಂದರ ಆಮದು ಸುಂಕವನ್ನು ನಮ್ಮ ಸರಕಾರ ತಾತ್ಕಾಲಿಕವಾಗಿ ತೆಗೆದಿತ್ತು. ಈ ಎರಡು ಸುದ್ದಿಗಳೂ ಒಂದರ ಬೆನ್ನಿಗೊಂದು ಬಂದ ಆ ವಾರದಲ್ಲಿ ನಾನು ಶಹಾಪುರದ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆನು. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು ತಮ್ಮ ಹೊಲದಿಂದ ತಂದಿದ್ದ ಹತ್ತಿಯ ಎಳೆಗಾಯಿಯೊಂದನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗೆ ಹಾಲಿನಂತಹ ತೇವದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಎಳೆಗಳನ್ನು ನನಗೆ ತೋರಿಸಿ, ಗುಲಾಬಿ ಕಾಯಿಕೊರಕ ಬಿದ್ದಿಲ್ಲವೆಂಬ ಸಮಾಧಾನದಿಂದ ಆ ಕಾಯಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಕೇಳಿದರು:

“ಮಾಸ್ತರ್ರ, ಆ ಅಮೆರಿಕದ ಪಾರ್ಟಿಯವ್ರು ಯುದ್ಧ ಬ್ಯಾಡ, ನಮ್ಮ ಮನಿ ನಮಗ ಸಾಕು ಅಂತಾರಂತ. ಮತ್ತ ಇರಾನದ ಮ್ಯಾಲ ಬಾಂಬ್ ಹಾಕಿದ್ರಂತ. ಇಲ್ಲಿ ನೋಡಿದ್ರ ನಮ್ಮ ಮ್ಯಾಲ ಸುಂಕ ಹಾಕ್ಯಾರ. ಇವ್ರು ಖರೇ ಯಾವ ಕಡಿಗಿ ಅದಾರ್ರಿ?”

ಅಂದು ನಾನು ಕೊಟ್ಟ ಉತ್ತರ ಅರೆಬರೆಯಾದುದು. ಆ ಪ್ರಶ್ನೆಯಾದರೋ ಅಮೆರಿಕದ ಪಂಡಿತರೇ ಇಂದು ತಮ್ಮ ತಮ್ಮೊಳಗೆ ಜಗಳವಾಡುತ್ತಿರುವ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರವನ್ನು ಹುಡುಕಲು ಹೊರಟವನಿಗೆ ಅಮೆರಿಕದ ಇತಿಹಾಸವೆಷ್ಟೋ ಶಹಾಪುರ-ಸುರಪುರಗಳ ನಮ್ಮ ಸಗರನಾಡಿನ ಇತಿಹಾಸವೂ ಅಷ್ಟೇ ಅವಶ್ಯವಾದುದೆಂಬುದು ನನ್ನ ದೃಢವಾದ ನಂಬಿಕೆ. ಆ ಹಿರಿಯರ ಕಿಸೆಯಲ್ಲಿದ್ದ ಕಾಯಿಯ ಕುಲವೇ ಅಮೆರಿಕದ್ದಲ್ಲವೆ? ಜವಾರಿ ಹತ್ತಿಯನ್ನು ಹಿಂದಕ್ಕೆ ತಳ್ಳಿ ಇಂದು ನಮ್ಮ ಎರೆಭೂಮಿಯನ್ನೆಲ್ಲ ಆವರಿಸಿರುವ ಉದ್ದೆಳೆಯ ಹತ್ತಿಯ ಪೂರ್ವಜರು 1840ರ ದಶಕದಲ್ಲಿ ಕಂಪನಿ ಸರಕಾರದ ಪ್ರಯೋಗಗಳ ಮೂಲಕ ಧಾರವಾಡದ ಸೀಮೆಗೆ ಬಂದವರು. 1861ರಲ್ಲಿ ರಿಪಬ್ಲಿಕನ್ ಪಕ್ಷದ ಮೊದಲ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ಬಂಡೆದ್ದ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ನೌಕಾದಿಗ್ಬಂಧನ ಹಾಕಿಸಿದಾಗ ಲ್ಯಾಂಕಶೈರಿನ ಗಿರಣಿಗಳು ಆ ಧಾರವಾಡದ ಹತ್ತಿಗಾಗಿಯೂ ಬಾಯಿಬಿಟ್ಟು ಕುಳಿತಿದ್ದವು. ಅಮೆರಿಕದ ಒಂದು ಪಕ್ಷದ ನಿಲವಿನಿಂದ ಉತ್ತರ ಕರ್ನಾಟಕದ ಹತ್ತಿಯ ಧಾರಣೆ ಏರಿಳಿಯುವುದು ಇಂದು ನಿನ್ನೆಯ ಮಾತಲ್ಲ.

ಮೊದಲು, ಆ ಪಕ್ಷದವರು ತಮ್ಮನ್ನು ಕರೆದುಕೊಳ್ಳುವ ‘ಸಂಪ್ರದಾಯವಾದಿ’ ಎಂಬ ಶಬ್ದವನ್ನೇ ತುಸು ವಿಚಾರಿಸೋಣ. ನಮ್ಮ ಪತ್ರಿಕೆಗಳಲ್ಲಿ ಅದು ಮಡಿಮೈಲಿಗೆಯನ್ನು ಹಿಡಿದವನೆಂಬ ಅರ್ಥವನ್ನೋ ಮತೀಯ ಅಭಿಮಾನಿಯೆಂಬ ಅರ್ಥವನ್ನೋ ಹೊತ್ತು ಬರುತ್ತದೆ. ಆದರೆ ರಾಜ್ಯಶಾಸ್ತ್ರದಲ್ಲಿ ಆ ಶಬ್ದಕ್ಕೆ ತಲೆತಲಾಂತರದಿಂದ ಬಂದ ಒಂದು ವಿಶಿಷ್ಟವಾದ ಅರ್ಥವುಂಟು: ಸಮಾಜವೆಂಬುದು ಸತ್ತವರು, ಬದುಕಿರುವವರು ಮತ್ತು ಇನ್ನು ಹುಟ್ಟಲಿರುವವರು ಈ ಮೂವರ ನಡುವಣ ಒಡಂಬಡಿಕೆಯಾದುದರಿಂದ, ಬದುಕಿರುವವರು ತಮ್ಮ ಒಂದು ತಲೆಮಾರಿನ ಬುದ್ಧಿಯನ್ನೇ ನೆಚ್ಚಿ ಅದನ್ನು ಬುಡಮೇಲು ಮಾಡತಕ್ಕದ್ದಲ್ಲವೆಂಬ ವಿವೇಕವೇ ಅದು. ಈ ವಿವೇಕಕ್ಕೆ ಆಧುನಿಕ ಕಾಲದಲ್ಲಿ ಮಾತು ಕೊಟ್ಟವನು 1729ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಎಡ್ಮಂಡ್ ಬರ್ಕ್. ಅಮೆರಿಕದ ಸಂಪ್ರದಾಯವಾದಿಗಳಿಗೆ ಅವನನ್ನು ಕುಲಗುರುವಾಗಿ ಮತ್ತೆ ತೋರಿಸಿಕೊಟ್ಟವನು 1953ರಲ್ಲಿ ‘ದಿ ಕನ್ಸರ್ವೇಟಿವ್ ಮೈಂಡ್’ ಎಂಬ ಗ್ರಂಥವನ್ನು ಬರೆದ ಮಿಶಿಗನ್ನಿನ ರಸ್ಸೆಲ್ ಕರ್ಕ್.

ಬರ್ಕ್‌ನ ಹೆಸರು ಬಂದಾಗಲೆಲ್ಲ ಜನರು ನೆನೆಯುವುದು ಅವನು 1790ರಲ್ಲಿ ಫ್ರಾನ್ಸಿನ ಕ್ರಾಂತಿಯ ವಿರುದ್ಧ ಬರೆದುದನ್ನು. ಆದರೆ ಭಾರತಕ್ಕೆ ಒಂದು ದಿನವೂ ಕಾಲಿಡದ ಆ ಪುರುಷನು ತನ್ನ ಆಯುಷ್ಯದ ಹಲವು ವರ್ಷಗಳನ್ನು ವ್ಯಯಿಸಿದುದು ನಮ್ಮ ದೇಶಕ್ಕಾಗಿ. 1785ರ ಫೆಬ್ರವರಿಯಲ್ಲಿ ಆರ್ಕಾಟಿನ ನವಾಬನ ಸಾಲಗಳ ವಿಷಯವಾಗಿ ಪಾರ್ಲಿಮೆಂಟಿನಲ್ಲಿ ಅವನು ಮಾಡಿದ ಭಾಷಣದ ನಡುವೆ, 1780ರಲ್ಲಿ ಘಟ್ಟವಿಳಿದು ಕರ್ನಾಟಿಕ್ ಪ್ರಾಂತದ ಮೇಲೆ ಬಿರುಗಾಳಿಯಂತೆ ಎರಗಿದ ನಮ್ಮ ಮೈಸೂರಿನ ಹೈದರಾಲಿಯ ವರ್ಣನೆಯಿದೆ. ಹೈದರನು ಮಾಡಿದ ವಿಧ್ವಂಸವನ್ನು ಬರ್ಕ್ ಮುಚ್ಚಿಡಲಿಲ್ಲ; ಆದರೆ ಆ ಬೆಂಕಿಗೆ ಕಾರಣರಾದವರು ಯಾರೆಂದು ಕೇಳಿ, ಮದರಾಸಿನಲ್ಲಿ ಕುಳಿತು ನವಾಬನಿಗೆ ಬಡ್ಡಿಯ ಮೇಲೆ ಬಡ್ಡಿ ಹೇರಿ, ಆ ಸಾಲದ ವಸೂಲಿಗಾಗಿ ನೆರೆಯ ರಾಜ್ಯಗಳ ಮೇಲೆ ದಂಡೆತ್ತಿಸಿದ ಕಂಪನಿಯ ನೌಕರರ ಕಡೆಗೆ ಅವನು ಬೆರಳು ತೋರಿದನು. 1788ರಿಂದ 1795ರವರೆಗೆ ಏಳು ವರ್ಷ ವಾರನ್ ಹೇಸ್ಟಿಂಗ್ಸನ ಮೇಲೆ ವಿಚಾರಣೆ ನಡೆಸಿ, ಕೊನೆಗೆ ಆರೋಪಿಯು ಬಿಡುಗಡೆ ಹೊಂದಿದುದನ್ನು ಕಣ್ಣಾರೆ ಕಂಡು, ಎರಡು ವರ್ಷಗಳ ತರುವಾಯ ಬರ್ಕ್ ತೀರಿಕೊಂಡನು. ಅನ್ಯರ ನಾಡಿನಲ್ಲಿ ಪುರಾತನವಾದ ದೇವಾಲಯಗಳು, ಮನೆತನಗಳು, ಭೂಮಿಯ ಹಕ್ಕುಗಳು ಒಂದನ್ನೊಂದು ಅವಲಂಬಿಸಿ ನಿಂತಿರುವಾಗ ಅವುಗಳ ನಡುವೆ ಹೊರಗಿನವನು ಬಂದು ಕೈಯಾಡಿಸುವುದು ತನ್ನ ನಾಡಿಗೂ ಪರನಾಡಿಗೂ ಅನರ್ಥಕಾರಿಯೆಂಬುದು ಅವನ ಸಿದ್ಧಾಂತ. ಯುದ್ಧವನ್ನೇ ನಿಷೇಧಿಸಿದವನಲ್ಲ ಅವನು. ಕ್ರಾಂತಿಕಾರಿ ಫ್ರಾನ್ಸಿನೊಡನೆ ಯುದ್ಧ ಮಾಡಲೇಬೇಕೆಂದು ಗಟ್ಟಿಯಾಗಿ ವಾದಿಸಿದವನೂ ಅವನೇ. ಪರರ ಯುದ್ಧ ಬೇಡವೆನ್ನುವ, ಬೇಕೆನ್ನುವ ಇಂದಿನ ಅಮೆರಿಕದ ಸಂಪ್ರದಾಯವಾದಿಗಳ ಎರಡು ಬಣಗಳೂ ಒಬ್ಬನೇ ಕುಲಗುರುವಿನ ಎರಡು ಕೈಗಳನ್ನು ಹಿಡಿದು ಜಗ್ಗುತ್ತಿರುವುದು ಈ ಕಾರಣದಿಂದ.

ಅಮೆರಿಕದಲ್ಲಿ ಹಳೆಯ ಪಂಗಡವು ಪರದೇಶಗಳ ಯುದ್ಧಗಳಿಂದ ದೂರವಿರಬೇಕೆನ್ನುವ ಪಂಗಡ. 1796ರಲ್ಲಿ, ಅಧಿಕಾರ ಬಿಡುವ ಮುನ್ನ, ಜಾರ್ಜ್ ವಾಷಿಂಗ್ಟನ್ ಪರದೇಶಗಳೊಡನೆ ಶಾಶ್ವತವಾದ ಮೈತ್ರಿಗಳನ್ನು ಕಟ್ಟಿಕೊಳ್ಳಬೇಡಿರೆಂದು ತನ್ನ ಜನರಿಗೆ ಹೇಳಿಹೋದನು. 1821ರ ಜುಲೈ 4ರಂದು ಜಾನ್ ಕ್ವಿನ್ಸಿ ಆಡಮ್ಸ್, ಅಮೆರಿಕವು ಎಲ್ಲರ ಸ್ವಾತಂತ್ರ್ಯಕ್ಕೂ ಶುಭ ಕೋರುತ್ತದೆ, ಆದರೆ ರಕ್ಕಸರನ್ನು ಕೊಲ್ಲಬೇಕೆಂದು ಅವರನ್ನು ಹುಡುಕಿಕೊಂಡು ಊರೂರು ಅಲೆಯುವುದಿಲ್ಲ ಎಂಬ ಅರ್ಥದ ಮಾತನ್ನಾಡಿದನು. ಈ ಮಾರ್ಗದ ಕೊನೆಯ ಮಹಾಪುರುಷನೆನ್ನಬಹುದಾದವನು ಓಹಿಯೋ ರಾಜ್ಯದ ಸೆನೆಟರ್ ರಾಬರ್ಟ್ ಟಾಫ್ಟ್. 1949ರಲ್ಲಿ ನ್ಯಾಟೋ ಒಪ್ಪಂದವು ಸೆನೆಟಿನ ಮುಂದೆ ಬಂದಾಗ ಎಂಬತ್ತೆರಡು ಜನ ಪರವಾಗಿಯೂ ಹದಿಮೂರು ಜನ ವಿರೋಧವಾಗಿಯೂ ಮತ ಕೊಟ್ಟರು. ಆ ಹದಿಮೂರರಲ್ಲಿ ಟಾಫ್ಟ್ ಒಬ್ಬನು. 1952ರಲ್ಲಿ ರಿಪಬ್ಲಿಕನ್ ಪಕ್ಷವು ಅವನನ್ನು ಬಿಟ್ಟು ಸೇನಾನಿ ಐಸೆನ್‌ಹೋವರನನ್ನು ಅಧ್ಯಕ್ಷಸ್ಥಾನಕ್ಕೆ ನಿಲ್ಲಿಸಿದಾಗಲೇ ಹಳೆಯ ಮಾರ್ಗಕ್ಕೆ ಮುಳ್ಳು ಬಿದ್ದಿತು. ಸೋವಿಯೆತ್ ಸಾಮ್ರಾಜ್ಯದ ಭಯವು ಬೇರೆಲ್ಲ ವಿಚಾರಗಳನ್ನೂ ನುಂಗಿತು. ಎಡಪಂಥವನ್ನು ತೊರೆದು ಬಂದ ಬುದ್ಧಿಜೀವಿಗಳ ಒಂದು ತಂಡ, ‘ನವಸಂಪ್ರದಾಯವಾದಿ’ಗಳೆಂಬ ಹೆಸರಿನಿಂದ, ಪ್ರಜಾಪ್ರಭುತ್ವವನ್ನು ಬೇಕಾದರೆ ಖಡ್ಗದ ಬಲದಿಂದಲೂ ಅನ್ಯದೇಶಗಳಲ್ಲಿ ನೆಡಬಹುದೆಂದು ಬೋಧಿಸಿತು. 2003ರ ಮಾರ್ಚಿನಲ್ಲಿ ಇರಾಕಿನ ಮೇಲೆ ನಡೆದ ದಂಡಯಾತ್ರೆ ಈ ಬೋಧೆಯ ಫಲ; ನಾಲ್ಕು ಸಾವಿರಕ್ಕೂ ಮಿಕ್ಕಿದ ಅಮೆರಿಕನ್ ಸೈನಿಕರೂ ಲೆಕ್ಕಕ್ಕೆ ಸಿಗದಷ್ಟು ಇರಾಕಿನ ಜನರೂ ಅದಕ್ಕೆ ಆಹುತಿಯಾದರು. ಇಲ್ಲಿ ಒಂದು ಮಾತನ್ನು ಹೇಳದೆ ಹೋದರೆ ನ್ಯಾಯವಾಗದು. ಬರ್ಕ್‌ನನ್ನು ಪುನಃ ಪ್ರತಿಷ್ಠಾಪಿಸಿದ ರಸ್ಸೆಲ್ ಕರ್ಕ್ ತನ್ನ ಮುಪ್ಪಿನಲ್ಲಿ, 1991ರ ಕೊಲ್ಲಿ ಯುದ್ಧವನ್ನು ವಿರೋಧಿಸಿ, ಮರುವರ್ಷ ತನ್ನದೇ ಪಕ್ಷದ ಅಧ್ಯಕ್ಷನ ಎದುರು ನಿಂತ ಪ್ಯಾಟ್ ಬುಕಾನನ್ನನಿಗೆ ಮಿಶಿಗನ್ನಿನಲ್ಲಿ ಬೆಂಬಲವಾಗಿ ನಿಂತನು. ಗುರುವಿನ ನಿಜವಾದ ಶಿಷ್ಯನು ಯಾವ ಕೈಯನ್ನು ಹಿಡಿದನೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಮತದಾರರ ನಿಷ್ಠೆಯ ‘ಪಲ್ಲಟ’ದ ವಿಷಯ. ತಲೆಮಾರುಗಳಿಂದ ಒಂದು ಪಕ್ಷಕ್ಕೆ ಮತ ಹಾಕುತ್ತಿದ್ದ ಸಮುದಾಯವು ಒಮ್ಮೆಲೇ ಮಗ್ಗುಲು ಬದಲಿಸಿ ಮತ್ತೆಂದೂ ಹಿಂದಿರುಗದಿರುವುದನ್ನು ಅಮೆರಿಕದ ರಾಜ್ಯಶಾಸ್ತ್ರಜ್ಞರು ಬಹು ಆಸ್ಥೆಯಿಂದ ಅಭ್ಯಾಸ ಮಾಡಿದ್ದಾರೆ. ಅದನ್ನು ಅರಿಯಲು ನಾವು ಸಮುದ್ರ ದಾಟಬೇಕಾಗಿಲ್ಲ. 1989ರ ಚುನಾವಣೆಯಲ್ಲಿ ನಮ್ಮ ಭಾಗದವರೇ ಆದ ಚಿಂಚೋಳಿಯ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ಸು ರಾಜ್ಯದ 224 ಸ್ಥಾನಗಳ ಪೈಕಿ 178ನ್ನು ಗೆದ್ದಿತ್ತು. ಮರುವರ್ಷ, ಪಾಟೀಲರು ಅಸ್ವಸ್ಥರಾಗಿದ್ದ ಹೊತ್ತಿನಲ್ಲಿ, ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ನಿಂತು ಅವರ ಪದಚ್ಯುತಿಯನ್ನು ಸಾರಿದರು. 1994ರಲ್ಲಿ ಅದೇ ಪಕ್ಷಕ್ಕೆ ಉಳಿದುದು 34 ಸ್ಥಾನ. ಅಂದು ಮನಸ್ಸು ಮುರಿದು ಹೊರಟ ಲಿಂಗಾಯತ ಮತದಾರರ ದೊಡ್ಡ ಭಾಗವು ಮುಂದೆ ಬೇರೊಂದು ಪಕ್ಷದಲ್ಲಿ ನೆಲೆಗೊಂಡು ರಾಜ್ಯದ ರಾಜಕಾರಣದ ಆಕಾರವನ್ನೇ ಬದಲಿಸಿತು. ಕಲಬುರ್ಗಿಯಲ್ಲಿಯೂ ಶಹಾಪುರದಲ್ಲಿಯೂ ಐವತ್ತು ದಾಟಿದ ಯಾರನ್ನು ಕೇಳಿದರೂ ವಿಮಾನನಿಲ್ದಾಣದ ಆ ಪ್ರಸಂಗವನ್ನು ನಿನ್ನೆ ನಡೆದಂತೆ ಹೇಳಿಯಾರು. ನಿಷ್ಠೆಯು ಮುರಿಯುವುದು ಧ್ಯೇಯವಾಕ್ಯಗಳಿಂದಲ್ಲ. ನಮ್ಮವರಿಗೆ ಅವಮಾನವಾಯಿತೆಂಬ ಒಂದು ಉರಿಯಿಂದ.

ಅಮೆರಿಕದಲ್ಲಿ ಇಂತಹ ಉರಿ ಎರಡು ಬಾರಿ ಎದ್ದಿತು. ಲಿಂಕನ್ನನ ಪಕ್ಷವೆಂಬ ಕಾರಣಕ್ಕಾಗಿಯೇ ರಿಪಬ್ಲಿಕನ್ನರನ್ನು ಸುಮಾರು ನೂರು ವರ್ಷ ಬಹುಮಟ್ಟಿಗೆ ಹೊಸ್ತಿಲು ದಾಟಗೊಡದಿದ್ದ ದಕ್ಷಿಣದ ರಾಜ್ಯಗಳು, 1964ರ ಜುಲೈಯಲ್ಲಿ ಡೆಮಾಕ್ರಾಟಿಕ್ ಅಧ್ಯಕ್ಷನಾದ ಜಾನ್ಸನ್ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದೊಡನೆ ಕದಲತೊಡಗಿದವು. ಆ ವರ್ಷದ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಗೆದ್ದುದು ಆರೇ ರಾಜ್ಯಗಳನ್ನು. ಸ್ವಂತ ರಾಜ್ಯವಾದ ಅರಿಜೋನವನ್ನು ಬಿಟ್ಟರೆ ಉಳಿದ ಐದೂ ತೀರ ದಕ್ಷಿಣದವು. ಅಲ್ಲಿ ಎದ್ದ ಉರಿಯಲ್ಲಿ ಕರಿಯರಿಗೆ ಸಮಾನತೆ ದೊರೆತುದರ ಅಸಹನೆಯಿತ್ತೆಂಬುದನ್ನು ಮರೆಮಾಚಿ ಸಂಪ್ರದಾಯವಾದದ ಚರಿತ್ರೆಯನ್ನು ಬರೆಯುವವರ ಮೇಲೆ ನನಗೆ ಗೌರವವಿಲ್ಲ. ಬಸವಣ್ಣನವರ ನಾಡಿನಲ್ಲಿ ಹುಟ್ಟಿದವನು ಆ ಒಂದು ಕಲೆಯನ್ನು ಅಲಂಕಾರವೆಂದು ಒಪ್ಪಲಾರನು.

ಎರಡನೆಯ ಉರಿ ಬೇರೆ ಬಗೆಯದು. 1994ರ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ, 2001ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಚೀನದ ಪ್ರವೇಶ ಇವುಗಳ ತರುವಾಯ ಮಿಶಿಗನ್, ಪೆನ್ಸಿಲ್ವೇನಿಯ, ಓಹಿಯೋ ರಾಜ್ಯಗಳ ಕಾರ್ಖಾನೆಯ ಊರುಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಕೆಲಸವಿಲ್ಲದ ಹುಡುಗರು ಸೈನ್ಯಕ್ಕೆ ಸೇರಿದರು. ಸೈನ್ಯವು ಅವರನ್ನು ಇರಾಕಿಗೂ ಅಫಘಾನಿಸ್ತಾನಕ್ಕೂ ಒಯ್ದಿತು. ಇಂದಿನ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅಂತಹ ಊರಿನಿಂದಲೇ, ಓಹಿಯೋದ ಮಿಡಲ್‌ಟೌನಿನಿಂದ, ಮರೀನ್ ಪಡೆಯನ್ನು ಸೇರಿ 2005ರಲ್ಲಿ ಇರಾಕಿಗೆ ಹೋಗಿಬಂದವನು. 2016ರ ಫೆಬ್ರವರಿಯಲ್ಲಿ ಡೊನಾಲ್ಡ್ ಟ್ರಂಪ್, ದಕ್ಷಿಣ ಕೆರೊಲಿನದಲ್ಲಿ ನಡೆದ ಪಕ್ಷದ ಅಭ್ಯರ್ಥಿಗಳ ಚರ್ಚೆಯೊಂದರಲ್ಲಿ, ಇರಾಕ್ ಯುದ್ಧವು ಮಹಾಪ್ರಮಾದವೆಂದು ಆ ಯುದ್ಧವನ್ನು ಹೂಡಿದ ಅಧ್ಯಕ್ಷನ ತಮ್ಮನ ಎದುರಿನಲ್ಲಿಯೇ ಹೇಳಿದಾಗ, ಇದರಿಂದ ಅವನ ಕಥೆ ಮುಗಿಯಿತೆಂದು ಪಕ್ಷದ ಹಿರಿಯರು ಭಾವಿಸಿದರು. ಮುಗಿದುದು ಆ ತಮ್ಮನ ಕಥೆ. ಡಗ್ಲಾಸ್ ಕ್ರೈನರ್ ಮತ್ತು ಫ್ರಾನ್ಸಿಸ್ ಶೆನ್ ಎಂಬ ಇಬ್ಬರು ವಿದ್ವಾಂಸರು ಯುದ್ಧದಲ್ಲಿ ಮಡಿದವರ ಊರುಗಳನ್ನೂ 2016ರ ಮತಗಳನ್ನೂ ಹೋಲಿಸಿ, ಹೆಚ್ಚು ಮಕ್ಕಳನ್ನು ಕಳೆದುಕೊಂಡ ಊರುಗಳು ಟ್ರಂಪನ ಕಡೆಗೆ ಹೆಚ್ಚಾಗಿ ವಾಲಿದುವೆಂದು ತೋರಿಸಿದ್ದಾರೆ. ಯುದ್ಧ ಮಾಡಿಸಿದ ಪಕ್ಷದ ಒಳಗೇ, ಯುದ್ಧದಿಂದ ಬೆಂದ ಮನೆಗಳು ಬಂದು ಬೀಡುಬಿಟ್ಟವು. ಆ ಪಕ್ಷವು ಇಂದು ಎರಡು ನಾಲಗೆಯಲ್ಲಿ ಮಾತಾಡುತ್ತಿರುವುದಕ್ಕೆ ಇದಕ್ಕಿಂತ ಆಳವಾದ ಕಾರಣವನ್ನು ನಾನು ಕಾಣೆ.

ಪರರ ಮನೆಯಲ್ಲಿ ಕೈಯಾಡಿಸುವುದರ ಫಲವನ್ನು ಕಾಣಲು ಈಗ ನಮ್ಮ ಬೆಟ್ಟಕ್ಕೆ ಬರೋಣ. ಸುರಪುರದ ಊರಿನ ಮೇಲುಗಡೆ, ಕರಿಯ ದುಂಡುಬಂಡೆಗಳ ನಡುವೆ, ಟೇಲರ್ ಮಂಜಿಲ್ ಎಂಬ ಒಂದು ಕಟ್ಟಡವಿದೆ. ಸಂಜೆಯ ಹೊತ್ತು ಅಲ್ಲಿ ನಿಂತರೆ ಬಂಡೆಗಳು ಹಗಲಿನ ಕಾವನ್ನು ಇನ್ನೂ ಅಂಗೈಗೆ ಮುಟ್ಟಿಸುತ್ತವೆ. ಕೆಳಗೆ ಊರಿನ ಮಾಳಿಗೆಗಳು, ಅವುಗಳಾಚೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರುಂಡು ಹಸಿರಾದ ಹೊಲಗಳು ಕಾಣುತ್ತವೆ. ಈ ಮನೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಹಡಗು ಹತ್ತಿ ಬಂದು, ನಿಜಾಮನ ಸೇವೆಯನ್ನು ಸೇರಿ, 1841ರಲ್ಲಿ ಸುರಪುರಕ್ಕೆ ಬಂದವನು. ನಜರಾನೆಯ ಹೊರೆಯಿಂದಲೂ ದಾಯಾದಿಗಳ ಕಲಹದಿಂದಲೂ ಸಂಸ್ಥಾನವು ಅಂದು ಜರ್ಜರಿತವಾಗಿತ್ತು. ರಾಜನು ತೀರಿಕೊಂಡು, ಉತ್ತರಾಧಿಕಾರಿ ಇನ್ನೂ ಬಾಲಕನಾಗಿದ್ದು, ರಾಣಿ ಈಶ್ವರಮ್ಮನವರು ಆಳುತ್ತಿದ್ದರು.

ಟೇಲರ್ ದುಷ್ಟನಾಗಿರಲಿಲ್ಲ. ಅದನ್ನು ಮೊದಲೇ ಹೇಳುವುದು ಅಗತ್ಯ, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅವನ ಒಳ್ಳೆಯತನದ ಮೇಲೆಯೇ. ಸುಮಾರು ಹನ್ನೆರಡು ವರ್ಷ ಅವನು ಇಲ್ಲಿದ್ದು ಸಾಲ ತೀರಿಸಿದನು, ರಸ್ತೆ ಹಾಕಿಸಿದನು, ಕೆರೆಗಳನ್ನು ದುರಸ್ತಿ ಮಾಡಿಸಿದನು, ಕಂದಾಯವನ್ನು ಕ್ರಮಕ್ಕೆ ತಂದನು. ರಾಜನಕೋಳೂರಿನ ಶಿಲಾಸಮಾಧಿಗಳನ್ನು ನೋಡಿ ಬರೆದು ಲೋಕಕ್ಕೆ ತಿಳಿಸಿದನು. ಬಾಲಕ ರಾಜ ವೆಂಕಟಪ್ಪ ನಾಯಕನಿಗೆ ವಿದ್ಯೆ ಕಲಿಸಿದನು. ಆ ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1853ರಲ್ಲಿ, ಪ್ರಾಪ್ತವಯಸ್ಕನಾದ ರಾಜನ ಕೈಗೆ ಸಾಲವಿಲ್ಲದ ಸಂಸ್ಥಾನವನ್ನು ಒಪ್ಪಿಸಿ ಟೇಲರ್ ಬೇರೆ ಜಿಲ್ಲೆಗೆ ಹೋದನು. ಪರರ ಮನೆಯನ್ನು ತಿದ್ದಲು ಹೋದವರ ಪೈಕಿ ಇಷ್ಟು ಸದ್ಭಾವದಿಂದ, ಇಷ್ಟು ಜನಪ್ರೀತಿಯನ್ನು ಗಳಿಸಿ ಕೆಲಸ ಮಾಡಿದವರು ವಿರಳ.

ಆಮೇಲಿನ ಕಥೆಯನ್ನು ಸುರಪುರದ ಮಕ್ಕಳೂ ಬಲ್ಲರು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದು, ನವೆಂಬರಿನಲ್ಲಿ ಮುಧೋಳದ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಲೊಲ್ಲದೆ ಹೋರಾಡಿ ಮಡಿದರು. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ಹುಟ್ಟು ಹಕ್ಕೆಂದು ವಾದಿಸುವ ಅಮೆರಿಕದ ಸಂಪ್ರದಾಯವಾದಿಗೆ ಹಲಗಲಿಯ ಕಥೆಯನ್ನು ಯಾರಾದರೂ ಹೇಳಿದರೆ ಅವನು ಕಣ್ಣೀರಿಟ್ಟು ಕೇಳಿಯಾನೆಂದು ನನಗೆ ಎಷ್ಟೋ ಸಲ ಅನಿಸಿದೆ. 1858ರ ಫೆಬ್ರವರಿಯಲ್ಲಿ ಸುರಪುರವೂ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಆಂಗ್ಲ ಅಧಿಕಾರಿ ಊರ ಹೊರಗಿನ ಕಾಳಗದಲ್ಲಿ ಸತ್ತನು; ಸುತ್ತಲಿಂದ ದಂಡುಗಳು ಮುತ್ತಿದವು; ತರುಣ ರಾಜನು ರಾತ್ರೋರಾತ್ರಿ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಮನೆಗೆ ಟೇಲರ್ ಬಂದಾಗ ರಾಜನು ಅವನನ್ನು ತಬ್ಬಿಕೊಂಡು ಅತ್ತನು. ಆದರೆ ತನ್ನನ್ನು ದಂಗೆಗೆ ಹುರಿದುಂಬಿಸಿದವರ ಹೆಸರನ್ನು ಕೇಳಿದಾಗ ಹೇಳಲಿಲ್ಲ. ಸೆರೆಯಿಂದ ಹೊರಗೆ ಬರುವ ಆಸೆಗಾಗಿ ಸಂಗಡಿಗರನ್ನು ಒಪ್ಪಿಸಿಕೊಡಲು ಬೇಡರ ಕುಲದ ಆ ರಾಜನ ರಕ್ತ ಸಮ್ಮತಿಸಲಿಲ್ಲ. ಮರಣದಂಡನೆಯು ಗಡೀಪಾರಾಗಿಯೂ, ಬಳಿಕ ನಾಲ್ಕು ವರ್ಷಗಳ ಕೋಟೆಯ ಸೆರೆಯಾಗಿಯೂ ಇಳಿದು, ನಡತೆ ಒಳ್ಳೆಯದಾಗಿದ್ದರೆ ಸಂಸ್ಥಾನ ಮರಳಿ ದೊರಕೀತೆಂಬ ಭರವಸೆಯೂ ಉಂಟಾಗಿತ್ತು. ಅಷ್ಟರಲ್ಲಿ, 1858ರ ಮೇ ತಿಂಗಳಲ್ಲಿ, ಸೆರೆಗೆ ಒಯ್ಯುತ್ತಿದ್ದ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ, ಇಪ್ಪತ್ತನಾಲ್ಕರ ಆಸುಪಾಸಿನ ಆ ರಾಜನು ಅಸುನೀಗಿದನು. ಗುಂಡು ಹಾರಿದ ಬಗೆಯನ್ನು ಕುರಿತು ನಮ್ಮಲ್ಲಿ ನಾನಾ ಮಾತುಗಳಿವೆ. ಪರರ ಸೆರೆಯಲ್ಲಿ ಬದುಕಲೊಲ್ಲದೆ ತಾನೇ ಹಾರಿಸಿಕೊಂಡನೆಂಬುದನ್ನು ಹಿರಿಯರು ಅಭಿಮಾನದಿಂದ ಹೇಳುತ್ತಾರೆ. 1860ರಲ್ಲಿ ಸುರಪುರವನ್ನು ನಿಜಾಮನಿಗೆ, ಅವನ ನಿಷ್ಠೆಗೆ ಬಹುಮಾನವಾಗಿ, ಕೊಟ್ಟುಬಿಟ್ಟರು.

ಸಾಲ ತೀರಿಸಿಕೊಟ್ಟ ಕೈ, ರಸ್ತೆ ಹಾಕಿದ ಕೈ, ಅಕ್ಷರ ತಿದ್ದಿಸಿದ ಕೈ. ಆದರೂ ಆ ಕೈಯ ಹಿಂದೆ ಪರರಾಜ್ಯದ ದಂಡೊಂದು ನಿಂತಿತ್ತು. ಟೇಲರನ ಉಪಕಾರವು ರಾಜನನ್ನು ಪ್ರಜೆಗಳಿಂದ ಎಷ್ಟು ದೂರಕ್ಕೆ ಒಯ್ದಿತು, ಅವನ ಬೆಳವಣಿಗೆಯಲ್ಲಿ ತನ್ನ ಕುಲದ ಅಭಿಮಾನಕ್ಕೂ ಗುರುವಿನ ಪ್ರೀತಿಗೂ ನಡುವೆ ಎಂತಹ ಬಿರುಕನ್ನು ಹುಟ್ಟಿಸಿತು ಎಂಬುದನ್ನು ಅಳೆಯುವ ಸೇರು ಕಂಪನಿಯ ಕಚೇರಿಯಲ್ಲಿರಲಿಲ್ಲ. ಇರಾಕಿಗೆ ಸಂವಿಧಾನ ಬರೆಸಿಕೊಡಲು ಹೋದವರ ಕಚೇರಿಯಲ್ಲಿಯೂ ಇರಲಿಲ್ಲ. ಬರ್ಕ್ ಹೇಳಿದ ವಿವೇಕವು ಕೆಟ್ಟವರ ಕೈಯನ್ನು ತಡೆಯುವುದಕ್ಕಾಗಿ ಇರುವುದೆಂದು ನಾವು ತಿಳಿದಿದ್ದೇವೆ. ನನಗೆ ತೋರುವಂತೆ ಅದು ಹೆಚ್ಚು ಅಗತ್ಯವಾಗಿರುವುದು ಒಳ್ಳೆಯವರ ಕೈಗೆ.

ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ನಮ್ಮ ನೆಲದಲ್ಲಿಯೇ ಇದೆ, ಮತ್ತು ಅದು ಬಲವಾದ ಸಾಕ್ಷ್ಯ. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿರುವಾಗ ಸಗರನಾಡು ನಿಜಾಮನ ಆಳಿಕೆಯಲ್ಲಿಯೇ ಉಳಿದು, ಮುಂದಿನ ಹದಿಮೂರು ತಿಂಗಳು ರಜಾಕಾರರ ಉಪಟಳದಲ್ಲಿ ನಲುಗಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಗಡಿ ದಾಟಿ, 17ರಂದು ನಿಜಾಮನು ಶರಣಾದಾಗ, ನಮ್ಮ ಹಿರಿಯರು ಆ ಸೈನ್ಯವನ್ನು ಪರರ ಸೈನ್ಯವೆಂದು ಕಂಡವರಲ್ಲ. ಬಾಗಿಲು ಬಡಿದು ಬರುವ ದಂಡು ಯಾವಾಗಲೂ ಅನಿಷ್ಟವೇ ಎಂದು ಸಾರುವವನು ಆ ಸೆಪ್ಟೆಂಬರನ್ನು ನೆನೆಯಬೇಕು. ಹಾಗೆಯೇ, 1940ರಲ್ಲಿ ‘ಅಮೆರಿಕ ಮೊದಲು’ ಎಂಬ ಸಂಸ್ಥೆಯನ್ನು ಕಟ್ಟಿ, ಹಿಟ್ಲರನು ಯುರೋಪನ್ನು ನುಂಗುತ್ತಿದ್ದರೂ ತಮ್ಮ ಕದ ಮುಚ್ಚಿಕೊಂಡಿರಬೇಕೆಂದ ಅಮೆರಿಕನ್ನರ ಭ್ರಮೆಯನ್ನೂ ನೆನೆಯಬೇಕು. ಆದರೆ ಎರಡು ಸಂದರ್ಭಗಳ ಅಂತರವು ಸ್ಪಷ್ಟವಾಗಿದೆ. 1948ರಲ್ಲಿ ಕರೆದವರು ಮನೆಯ ಜನ. ಗಡಿಯಾಚೆಯ ಶಿಬಿರಗಳಲ್ಲಿ ಸೇರಿ ಹೋರಾಡುತ್ತಿದ್ದವರು ನಮ್ಮ ಊರುಗಳ ಹುಡುಗರು. ಭಾಷೆ, ಬಳಗ, ಬೇಸಾಯ ಎಲ್ಲವೂ ಗಡಿಯ ಎರಡೂ ಬದಿಗೆ ಹಬ್ಬಿದ್ದವು. ಒಡೆದ ಮನೆಯೊಂದು ಕೂಡಿಕೊಂಡಿತೇ ಹೊರತು ಪರರ ಮನೆಯನ್ನು ಯಾರೂ ತಿದ್ದಲು ಹೋಗಲಿಲ್ಲ. ಸಂಪ್ರದಾಯವಾದಿಯ ವಿವೇಕವು ಕೇಳುವುದು ಇಷ್ಟೇ: ಕರೆದವರು ಯಾರು, ಹೋಗುವವರು ಅವರಿಗೆ ಏನಾಗಬೇಕು, ಮರಳಿ ಬರುವ ದಾರಿ ಯಾವುದು.

ಮೂರನೆಯ ಪ್ರಶ್ನೆಗೆ ಉತ್ತರ ಸಿಗದೆ ಹೋದವನ ನೆನಪು ಸುರಪುರದ ಪಕ್ಕದ ವಾಗಿನಗೇರಿಯಲ್ಲಿದೆ. 1705ರ ಫೆಬ್ರವರಿಯಲ್ಲಿ, ಎಂಬತ್ತಾರು ವರ್ಷ ವಯಸ್ಸಿನ ಔರಂಗಜೇಬನು ತಾನೇ ಬಂದು ಪಿಡ್ಡನಾಯಕನ ಆ ಚಿಕ್ಕ ಕೋಟೆಗೆ ಮುತ್ತಿಗೆ ಹಾಕಿದನು. ಎರಡೂವರೆ ತಿಂಗಳ ಮೇಲೆ ಕೋಟೆ ಸಿಕ್ಕಿತು, ನಾಯಕ ಸಿಕ್ಕಲಿಲ್ಲ. ಚಕ್ರವರ್ತಿಯು ಸಮೀಪದ ದೇವಾಪುರದಲ್ಲಿ ರೋಗಪೀಡಿತನಾಗಿ ತಿಂಗಳುಗಟ್ಟಲೆ ಮಲಗಿ, ಉತ್ತರದ ಕಡೆಗೆ ಹೊರಟು, 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಅದೇ ಅವನ ಕೊನೆಯ ಮುತ್ತಿಗೆ. ಇಪ್ಪತ್ತು ವರ್ಷಗಳಿಗೂ ಮೀರಿ ದಕ್ಷಿಣದಲ್ಲಿ ಬೀಡುಬಿಟ್ಟು, ಒಂದು ಕೋಟೆಯಾದ ಮೇಲೆ ಇನ್ನೊಂದು ಕೋಟೆಯೆಂದು ಹೊರಟವನಿಗೆ, ಇದು ಸಾಕು ಎನ್ನುವ ಕೋಟೆ ದೊರೆಯಲೇ ಇಲ್ಲ.

ಇಂದಿನ ವಾಷಿಂಗ್ಟನ್ನಿನಲ್ಲಿ ಈ ಜಗಳ ಹೇಗ್ಹೇಗೆ ತಲೆಯೆತ್ತುತ್ತಿದೆಯೆಂಬುದನ್ನು ತಿಳಿಯಲು ಎರಡು ಸಂದರ್ಭಗಳು ಸಾಕು. 2024ರ ಏಪ್ರಿಲಿನಲ್ಲಿ ಉಕ್ರೇನಿಗೆ ಸುಮಾರು ಆರು ಸಾವಿರದ ನೂರು ಕೋಟಿ ಡಾಲರುಗಳ ನೆರವಿನ ಮಸೂದೆ ಪ್ರತಿನಿಧಿ ಸಭೆಯ ಮುಂದೆ ಬಂದಾಗ, ರಿಪಬ್ಲಿಕನ್ನರಲ್ಲಿ 101 ಜನ ಪರವಾಗಿಯೂ 112 ಜನ ವಿರೋಧವಾಗಿಯೂ ಮತ ಹಾಕಿದರು. ಡೆಮಾಕ್ರಾಟರ ಬಲದಿಂದ ಅದು ಅಂಗೀಕಾರವಾಯಿತು. ಟಾಫ್ಟ್‌ನ ಕಾಲದಲ್ಲಿ ಸೆನೆಟಿನಲ್ಲಿ ಹದಿಮೂರು ಮತಗಳಿಗೆ ಇಳಿದಿದ್ದ ಪಂಗಡವು ಮುಕ್ಕಾಲು ಶತಮಾನದ ತರುವಾಯ ಪ್ರತಿನಿಧಿ ಸಭೆಯ ರಿಪಬ್ಲಿಕನ್ನರ ಅರ್ಧಕ್ಕೂ ಮಿಕ್ಕಿತು. ಇನ್ನೊಂದು, 2025ರ ಜೂನ್ 22ರಂದು ಇರಾನಿನ ಫೋರ್ಡೋ, ನತಾಂಜ್, ಇಸ್ಫಹಾನುಗಳ ಅಣುಕೇಂದ್ರಗಳ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿಸಿದ್ದು. ಅದಕ್ಕೆ ಕೆಲವೇ ದಿನ ಮುಂಚೆ ಟಕರ್ ಕಾರ್ಲ್‌ಸನ್ ಎಂಬ ಸಂಪ್ರದಾಯವಾದಿ ಪತ್ರಕರ್ತನು ಟೆಕ್ಸಾಸಿನ ಸೆನೆಟರ್ ಟೆಡ್ ಕ್ರೂಸನನ್ನು ಎದುರು ಕೂರಿಸಿಕೊಂಡು, ಇರಾನಿನ ಜನಸಂಖ್ಯೆ ಎಷ್ಟೆಂದು ಕೇಳಿದನು. ಸೆನೆಟರನಿಗೆ ಅದು ತಿಳಿದಿರಲಿಲ್ಲ. ಯಾವ ಮನೆಯ ಮೇಲೆ ಬೆಂಕಿ ಹಾಕಬೇಕೆನ್ನುತ್ತೇವೋ ಆ ಮನೆಯಲ್ಲಿ ಎಷ್ಟು ಜನರಿದ್ದಾರೆಂಬುದಾದರೂ ತಿಳಿದಿರಬೇಡವೆ ಎಂಬ ಆ ಪ್ರಶ್ನೆಯನ್ನು, ಕೇಳಿದವನ ಬೇರೆ ಅಭಿಪ್ರಾಯಗಳೇನೇ ಇರಲಿ, ನಾನು ಸಾಧುವಾದ ಪ್ರಶ್ನೆಯೆಂದೇ ಎಣಿಸುತ್ತೇನೆ. ಕ್ರೂಸನ ಬಣದ ವಾದವೂ ಹುರುಳಿಲ್ಲದ್ದೇನಲ್ಲ: ಅಣ್ವಸ್ತ್ರವು ಶತ್ರುವಿನ ಕೈಸೇರಿದ ಮೇಲೆ ವಿವೇಕವನ್ನು ಪ್ರಯೋಗಿಸಲು ಎಡೆಯೇ ಉಳಿಯದು, ಆದುದರಿಂದ ದೂರ ನಿಂತು ಕಾಯುವುದೇ ಅವಿವೇಕ, ಎಂದು ಅವರೆನ್ನುತ್ತಾರೆ. ಬರ್ಕ್ ಫ್ರಾನ್ಸಿನ ಬಗ್ಗೆ ಆಡಿದ ಮಾತಿನ ಪ್ರತಿಧ್ವನಿ ಅದರಲ್ಲಿದೆ.

ಸುಂಕದ ವಿಷಯವೂ ಇದೇ ಬೇರಿನಿಂದ ಹುಟ್ಟಿದ ಕವಲು. ರಿಪಬ್ಲಿಕನ್ನರು ಮುಕ್ತ ವ್ಯಾಪಾರದ ಪಕ್ಷವಾದುದು ಎರಡನೆಯ ಮಹಾಯುದ್ಧದ ತರುವಾಯ. ಮ್ಯಾಕಿನ್ಲಿಯು 1890ರಲ್ಲಿ ತಂದ ಸುಂಕವೂ 1930ರ ಸ್ಮೂಟ್-ಹಾಲಿ ಸುಂಕವೂ ಅದೇ ಪಕ್ಷದವು. ಮನೆಯ ಕದವನ್ನು ಯುದ್ಧಕ್ಕೆ ಮುಚ್ಚುವವನು ಸರಕಿಗೂ ಮುಚ್ಚುವನು, ಹೊರಗಿನ ಜನಕ್ಕೂ ಮುಚ್ಚುವನು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರಿನ ಶುಲ್ಕ ಘೋಷಿತವಾದ ರಾತ್ರಿ, ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗನು ಫೋನಿನಲ್ಲಿ, “ಮಾಮಾ, ಊರಿಗಿ ಬರ್ಬೇಕಂತ ಟಿಕೀಟ್ ತಗೊಂಡಿದ್ದೆ, ಈಗ ಹೊರಗ ಹೋದ್ರ ಒಳಗ ಬಿಡ್ತಾರೋ ಇಲ್ಲೋ” ಎಂದನು. ಶುಲ್ಕವು ಹೊಸ ಅರ್ಜಿಗಳಿಗಷ್ಟೇ ಎಂಬ ಸ್ಪಷ್ಟೀಕರಣ ಮರುದಿನ ಬರುವವರೆಗೆ ಅವನೂ ನಿದ್ರೆ ಮಾಡಲಿಲ್ಲ, ನನ್ನ ತಂಗಿಯೂ ಮಾಡಲಿಲ್ಲ. ಪರರ ಮನೆಯಲ್ಲಿ ಕೈಯಾಡಿಸಬೇಡವೆನ್ನುವ ವಿವೇಕವನ್ನು ನಾನು ಮೆಚ್ಚುತ್ತೇನೆ. ಬಂದು ಬೇರೂರಿದ ಅತಿಥಿಯನ್ನು ನಡುರಾತ್ರಿಯಲ್ಲಿ ನಡುಗಿಸುವುದನ್ನು ಆ ವಿವೇಕದ ಲೆಕ್ಕಕ್ಕೆ ಬರೆಯಲಾರೆ. ಬರ್ಕ್‌ನ ಸಿದ್ಧಾಂತದಲ್ಲಿ ಕೊಟ್ಟ ಮಾತಿಗೂ ನಡೆದುಬಂದ ರೂಢಿಗೂ ಬೆಲೆಯಿತ್ತು.

ಕಾರ್ತಿಕ ಕಳೆದು ಹತ್ತಿ ಬಿಡಿಸುವ ಹಂಗಾಮು ಬಂದಾಗ ಅದೇ ಅಡತಿಯ ಮುಂದೆ ಆ ಹಿರಿಯರು ಮತ್ತೆ ಸಿಕ್ಕಿದರು. ಆಮದು ಸುಂಕದ ವಿನಾಯಿತಿಯನ್ನು ಅಷ್ಟರಲ್ಲಿ ಡಿಸೆಂಬರ್ ಕೊನೆಯವರೆಗೆ ವಿಸ್ತರಿಸಲಾಗಿತ್ತು. ತಂದ ಅಂಡಿಗೆಗಳು ಗಾಡಿಯಿಂದ ಇನ್ನೂ ಇಳಿದಿರಲಿಲ್ಲ. ಆಗಸ್ಟಿನಲ್ಲಿ ಬಾಕಿಯುಳಿದಿದ್ದ ಉತ್ತರವನ್ನು ನಾನು ಅವರಿಗೆ ಹೇಳಿದೆನು: ವಾಷಿಂಗ್ಟನ್ನನ ಮಾತು, ಟಾಫ್ಟ್‌ನ ಹದಿಮೂರು ಮತ, ಮಕ್ಕಳನ್ನು ಕಳೆದುಕೊಂಡ ಊರುಗಳು, ವಾಗಿನಗೇರಿಯ ಮುತ್ತಿಗೆ, ಬೆಟ್ಟದ ಮೇಲಿನ ಸಾಹೇಬ. ಅವರು ಒಂದು ಅಂಡಿಗೆಯ ಹೊಲಿಗೆಯ ಸಂದಿನಿಂದ ಹೊರಬಂದಿದ್ದ ಅರಳೆಯನ್ನು ಬೆರಳಿನಿಂದ ಒಳಕ್ಕೆ ತುರುಕುತ್ತ ಕೇಳಿಸಿಕೊಂಡರು. ಅಮೆರಿಕದ ವಿಷಯವಾಗಿ ಏನನ್ನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ, “ಅಪ್ಪಾ ಅಂತ ಕರೀತಿದ್ನಂತಲ್ರಿ ಅವಗ” ಎಂದರು.

ಹಮಾಲರು ಅವರ ಸರದಿಯನ್ನು ಕೂಗಿದರು. ತೂಕ ನೋಡಲು ಅವರು ಎದ್ದು ಹೋದರು.